ಐದು ಗಂಟೆಯ ಗೋಡೆ

ಗಾರೆ ಕೆಲಸದ ಆ ಮುದುಕನಿಗೆ ಬೀದಿಯವರು ಇಟ್ಟ ಹೆಸರು ಓರೆ ಮೇಸ್ತ್ರಿ. ಕಣ್ಣೇನೂ ಓರೆಯಿರಲಿಲ್ಲ, ನೋಡುವ ರೀತಿ ಓರೆ. ಯಾರ ಮನೆಗೆ ಹೋದರೂ ಗೋಡೆಯ ಎದುರಿಗೆ ನಿಲ್ಲುವ ಪೈಕಿ ಅಲ್ಲ ಆತ. ಮೂಲೆಗೆ ಹೋಗಿ, ಕೆನ್ನೆಯನ್ನು ಗೋಡೆಗೆ ತಾಗಿಸಿ, ಒಂದು ಕಣ್ಣು ಮುಚ್ಚಿ ಉದ್ದಕ್ಕೆ ನೋಡುತ್ತಿದ್ದ. "ಎದುರಿಂದ ಬಿದ್ದ ಬೆಳಕು ಎಲ್ಲಾನೂ ಚೆನ್ನಾಗಿದೆ ಅನ್ನುತ್ತೆ. ಪಕ್ಕದಿಂದ ಬಿದ್ದದ್ದು ಮಾತ್ರ ಚಾಡಿ ಹೇಳುತ್ತೆ" ಎನ್ನುತ್ತಿದ್ದ. ಕೆಲಸ ಮುಗಿದ ದಿನ ಉದ್ದ ವೈರಿನ ಬಲ್ಬೊಂದನ್ನು ಗೋಡೆಗೆ ಅಂಟಿಸಿದ ಹಾಗೆ ಹಿಡಿಯುತ್ತಿದ್ದ. ಎಲ್ಲಿ ಉಬ್ಬಿದೆಯೋ ಅದರ ಆಚೆ ಬದಿಗೆ ನೆರಳು ಬೀಳುತ್ತಿತ್ತು. ಆ ನೆರಳು ಹೋಗುವತನಕ ಕರಣೆ ಕೆಳಗಿಡುತ್ತಿರಲಿಲ್ಲ. ಹೆಂಡತಿ ಬದುಕಿದ್ದಾಗ, ಅವಳು ಹಾಸಿದ ಹಾಸಿಗೆಯ ಸುಕ್ಕನ್ನೂ ಕಿಟಕಿಯ ಬೆಳಕಿನಲ್ಲಿ ಎಣಿಸಿ ಬೈಸಿಕೊಂಡ ಆಸಾಮಿ.

ಕೆಲಸ ಬಿಟ್ಟು ಮೂರು ವರ್ಷವಾಗಿತ್ತು. ಈಗ ಮಗಳ ಜೊತೆ ವಾಸ. ಗಂಡ ತೀರಿಕೊಂಡ ಮೇಲೆ ಅವಳು ಬಾಡಿಗೆಯ ಉದ್ದ ಕೋಣೆಯೊಂದರಲ್ಲಿ ಹೊಲಿಗೆ ಕಲಿಸುತ್ತಿದ್ದಳು. ಎಂಟು ಮೆಷಿನ್ನು, ಎಂಟೂ ಒಂದೇ ಗೋಡೆಯ ಬುಡಕ್ಕೆ ಸಾಲಾಗಿ. ಎಂಟು ಹೆಂಗಸರು ಆ ಗೋಡೆಗೆ ಬೆನ್ನು ಕೊಟ್ಟು, ತಲೆ ತಗ್ಗಿಸಿ ಹೊಲಿಯುತ್ತಿದ್ದರು. "ಇದು ನಮ್ಮಪ್ಪ ಗಾರೆ ಮಾಡಿದ ಗೋಡೆ" ಎಂದು ಹೊಸದಾಗಿ ಬಂದವರಿಗೆಲ್ಲ ಮಗಳು ತೋರಿಸುತ್ತಿದ್ದಳು. ಸಂಜೆ ಐದಕ್ಕೆ ಅವಳನ್ನು ಕರೆದೊಯ್ಯಲು ಮೇಸ್ತ್ರಿ ಬರುತ್ತಿದ್ದ. ಆ ಹೊತ್ತಿಗೆ ಕೋಣೆಯ ತುದಿಯ ಕಿಟಕಿಯಿಂದ ಬಿಸಿಲು ಗೋಡೆಯನ್ನು ಸವರಿಕೊಂಡೇ ಒಳಗೆ ಬರುತ್ತಿತ್ತು.

ಆ ಬಿಸಿಲಿನಲ್ಲಿ ಒಂದು ದಿನ ಅವನು ಅದನ್ನು ಕಂಡ. ಐದನೆಯ ಮೆಷಿನ್ನಿನ ಮೇಲೆ, ಆಳೆತ್ತರದಲ್ಲಿ, ಒಂದು ಬದಿ ಬೆಳಗಿ ಇನ್ನೊಂದು ಬದಿಗೆ ಬೆರಳಗಲ ನೆರಳು. ಗೋಡೆ ಹೊಟ್ಟೆ ಬಿಟ್ಟಿತ್ತು.

ಮರುದಿನ ಬೆಳಿಗ್ಗೆ ಬಂದು ನೋಡಿದರೆ ಗೋಡೆ ಸಂಭಾವಿತನ ಹಾಗೆ ನೆಟ್ಟಗೆ ನಿಂತಿತ್ತು. ಸಂಜೆ ನೆರಳು ಮತ್ತೆ ಹಾಜರು. ಮಗಳು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತೆಗೆದುಕೊಂಡು ಮೇಸ್ತ್ರಿ ನೆರಳಿನ ಅಂಚಿಗೆ ಗೆರೆ ಎಳೆದ. ವಾರ ಕಳೆಯುವುದರಲ್ಲಿ ನೆರಳು ಗೆರೆ ದಾಟಿ ಎರಡು ಬೆರಳು ಮುಂದೆ ಬಂದಿತ್ತು.

"ಸೂರ್ಯ ಜರುಗಿದ್ದಾನೆ ಅಪ್ಪ, ಗೋಡೆ ಅಲ್ಲ" ಎಂದಳು ಮಗಳು.

ಅದೂ ನಿಜವೇ ಎನಿಸಿ ಮೇಸ್ತ್ರಿ ಬಲ್ಬು ತಂದ. ಒಂದೇ ಮೊಳೆಗೆ ನೇತುಹಾಕಿ ದಿನವೂ ಅಳೆದ. ಮೊಳೆ ಇದ್ದಲ್ಲೇ ಇತ್ತು, ನೆರಳು ಬೆಳೆಯಿತು.

ಕಟ್ಟಡದ ಯಜಮಾನನನ್ನು ಕರೆಸಿದ್ದಾಯಿತು. ಪುಣ್ಯಾತ್ಮ ಬಂದದ್ದು ಮಟಮಟ ಮಧ್ಯಾಹ್ನ. ಗೋಡೆಯನ್ನು ಅಂಗೈಯಿಂದ ಸವರಿ, "ಬೆಣ್ಣೆ ಇದ್ದ ಹಾಗಿದೆಯಲ್ರೀ" ಎಂದ. ಮೇಸ್ತ್ರಿ ಬಲ್ಬು ಹಿಡಿದು ತೋರಿಸಿದರೆ ನಕ್ಕೇಬಿಟ್ಟ. "ಹಾಗೆ ದೀಪ ಹಿಡಿದ್ರೆ ನನ್ನ ಮುಖದಲ್ಲೂ ಹಳ್ಳ ದಿಣ್ಣೆ ಕಾಣುತ್ತೆ. ವಯಸ್ಸಾಯ್ತು ನಿಮಗೆ, ಮನೇಲಿ ಆರಾಮಾಗಿರಿ."

ಅವನು ಹೋದ ಮೇಲೆ ಮಗಳಿಗೂ ರೇಗಿತು. "ಸಾಕು ಮಾಡಪ್ಪ. ನಿನ್ನ ಮಾತು ಕೇಳಿ ಕಲಿಯೋಕೆ ಬರೋರು ಹೆದರ್ತಿದ್ದಾರೆ. ಈ ಕೋಣೆ ಬಿಟ್ರೆ ನಮಗೆ ಅನ್ನ ಎಲ್ಲಿಂದ? ಬೀಳುತ್ತೆ ಬೀಳುತ್ತೆ ಅಂತೀಯಲ್ಲ, ಅಷ್ಟು ಗಟ್ಟಿಯಾಗಿ ಹೇಗೆ ಹೇಳ್ತೀಯ?"

ಅದನ್ನು ಹೇಳಲೇ ಅವನಿಗೆ ಬಾಯಿ ಬರಲಿಲ್ಲ. ಒಂಬತ್ತು ವರ್ಷದ ಹಿಂದೆ ಅವನು ಗಾರೆ ಮಾಡಲು ಬಂದಾಗಲೇ ಪಕ್ಕದ ಕಟ್ಟಡದ ನೀರು ಇಂಗಿ ಈ ಗೋಡೆ ಉಬ್ಬಿತ್ತು. ಕೆಡವಿ ಕಟ್ಟಬೇಕು ಎಂದಿದ್ದ. "ಕಾಣದ ಹಾಗೆ ಮಾಡು, ಸಾಕು" ಎಂದಿದ್ದ ಆಗಿನ ಯಜಮಾನ, ಈಗಿನವನ ಅಪ್ಪ. ಆ ವಿದ್ಯೆಯೂ ಮೇಸ್ತ್ರಿಗೆ ಗೊತ್ತಿತ್ತು. ಉಬ್ಬಿನ ಸುತ್ತ ಎರಡು ಮಾರು ದೂರದವರೆಗೆ ಗಾರೆಯನ್ನು ದಪ್ಪಗೆ ಕೊಟ್ಟು, ಹೊಟ್ಟೆಯವನಿಗೆ ದೊಗಳೆ ಅಂಗಿ ತೊಡಿಸಿದ ಹಾಗೆ, ನೆರಳಿಗೆ ನಿಲ್ಲಲು ಜಾಗವೇ ಇಲ್ಲದಂತೆ ಮಾಡಿದ್ದ. ಬಲ್ಬಿಗೂ ಸಿಗದ ಕೆಲಸ. ಆ ಸಂಜೆ ತನ್ನ ಕೈಚಳಕಕ್ಕೆ ತಾನೇ ಮರುಳಾಗಿದ್ದ. ಮಗಳು ಅದೇ ಕೋಣೆಯನ್ನು ಬಾಡಿಗೆಗೆ ಹಿಡಿದಾಗ, ಇಷ್ಟು ವರ್ಷ ನಿಂತಿದೆಯಲ್ಲ ಎಂದುಕೊಂಡು ಬಾಯಿಗೆ ಬೀಗ ಹಾಕಿಕೊಂಡಿದ್ದ. ಅವಳ ಕಣ್ಣಲ್ಲಿ ಸಣ್ಣವನಾಗಲು ಅವನಿಗೆ ಮನಸ್ಸಿರಲಿಲ್ಲ, ಅಷ್ಟೇ.

ಹದಿನೈದನೆಯ ಸಂಜೆ ನೆರಳು ಅಂಗೈಯಗಲವಾಯಿತು. ಐದನೆಯ ಮೆಷಿನ್ನಿನವಳು ನೂಲು ಪೋಣಿಸಲೆಂದು ನೆಟ್ಟಗೆ ಕೂತಳು. ಅವಳ ನೆತ್ತಿಗೂ ಆ ನೆರಳಿಗೂ ನಡುವೆ ಒಂದು ಗೇಣು. ಮೇಸ್ತ್ರಿಗೆ ಇನ್ನು ತಡೆಯಲಾಗಲಿಲ್ಲ. ಮಗಳನ್ನು ಬಾಗಿಲ ಹೊರಗೆ ಕರೆದ.

"ಅದು ಉಬ್ಬಿದ್ದು ನಂಗೆ ಆಗ್ಲೇ ಗೊತ್ತಿತ್ತು ಕಣಮ್ಮ. ಮುಚ್ಚಿದ್ದು ನಾನೇ."

ಮಗಳು ಅಪ್ಪನ ಮುಖವನ್ನೇ ನೋಡಿದಳು. ಒಳಗೆ ಹೋಗಿ, ಹೆಂಗಸರನ್ನೆಲ್ಲ ಎಬ್ಬಿಸಿ, ಮೊದಲನೆಯ ಮೆಷಿನ್ನಿಗೆ ಕೈ ಹಚ್ಚಿದಳು. ಕತ್ತಲಾಗುವುದರೊಳಗೆ ಎಂಟೂ ಮನೆಯ ಪಡಸಾಲೆಗೆ ಬಂದಿದ್ದವು.

ನಾಲ್ಕನೆಯ ದಿನ ಹಾಡುಹಗಲೇ ಗೋಡೆ ಬಿತ್ತು. ಖಾಲಿ ಕೋಣೆಯಾದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಐದನೆಯ ಮೆಷಿನ್ನು ಇದ್ದಲ್ಲಿ ಸೊಂಟದೆತ್ತರ ಇಟ್ಟಿಗೆಯ ರಾಶಿ. ಬೀದಿಗೆ ಬೀದಿಯೇ ಮೇಸ್ತ್ರಿಯನ್ನು ಹೊಗಳಿತು. "ಕಣ್ಣು ಅಂದ್ರೆ ಇವರದು" ಎಂದು ಯಜಮಾನನೂ ಹೇಳಿಕೊಂಡು ತಿರುಗಿದ. ಯಾರಾದರೂ ಹೊಗಳಲು ಬಂದರೆ ಮೇಸ್ತ್ರಿ ಬೇರೆ ಬೀದಿ ಹಿಡಿಯುತ್ತಿದ್ದ.

ಮರುದಿನ ಮಧ್ಯಾಹ್ನ ಊಟಕ್ಕೆ ಬಡಿಸುತ್ತ ಮಗಳು ಕೇಳಿದಳು. "ಇನ್ನೂ ಎಷ್ಟು ಗೋಡೆ ಹೀಗೆ ಮುಚ್ಚಿದ್ದೀರಿ?" ಬುದ್ಧಿ ಬಂದಾಗಿನಿಂದ ಅಪ್ಪನನ್ನು ನೀನು ಎನ್ನುತ್ತಿದ್ದವಳು ಅವಳು.

ತುತ್ತು ಕೈಯಲ್ಲೇ ಉಳಿಯಿತು. "ಗೊತ್ತಿಲ್ಲಮ್ಮ. ಯಾರು ಕೇಳಿದ್ರೂ ಮಾಡಿಕೊಟ್ಟೆ. ಚೆನ್ನಾಗಿ ಮುಚ್ತಾನೆ ಅಂತಲೇ ನನ್ನ ಕರೀತಿದ್ರು."

"ನೆನಪಿರೋದರಿಂದ ಶುರು ಮಾಡೋಣ. ಏಳಿ."

ಮೊದಲು ನೆನಪಾದದ್ದು ಎರಡು ಬೀದಿ ಆಚೆ, ಕೆಲಸಕ್ಕೆ ಹೋಗುವವರ ಕೂಸುಗಳನ್ನು ಹಗಲು ನೋಡಿಕೊಳ್ಳುವ ಹೆಂಗಸಿನ ಮನೆ. ಬಾಗಿಲು ತೆಗೆದವಳ ಮುಖ ಅರಳಿತು.

"ಅಯ್ಯೋ, ಮೇಸ್ತ್ರಿಗಳು! ಬನ್ನಿ ಬನ್ನಿ, ಮೆಲ್ಲಗೆ. ಈಗಷ್ಟೇ ಮಲಗಿವೆ. ಆ ಗೋಡೆ ಬಿದ್ದ ಸುದ್ದಿ ಕೇಳಿ ಎಲ್ರೂ ಹೆದರಿಕೊಂಡಿದ್ದಾರೆ. ನಂಗೇನೂ ಭಯ ಇಲ್ಲಪ್ಪ, ಇದು ನಿಮ್ಮ ಕೈಕೆಲಸ" ಎಂದು ಗೋಡೆಯನ್ನು ಪ್ರೀತಿಯಿಂದ ಎರಡು ಸಲ ತಟ್ಟಿದಳು. ಅದರ ಬುಡದಲ್ಲಿ ಆರು ಮಕ್ಕಳು ಸಾಲಾಗಿ ನಿದ್ದೆ ಮಾಡುತ್ತಿದ್ದವು.