ಸುರಂಗದ ಕವಲಿನಲ್ಲಿ ನಿಂತವರು

ಬಾಲಕ್ಕನಿಗೆ ಹೆದರಿಕೆ ಅನ್ನುವುದು ಹುಟ್ಟಿದಾಗಿನಿಂದ ಜೊತೆಗಿತ್ತೋ, ಆ ಲಾರಿ ಸವರಿಕೊಂಡು ಹೋದ ದಿನದಿಂದ ಅಂಟಿಕೊಂಡಿತೋ, ಸ್ವತಃ ಅವಳಿಗೂ ಸರಿಯಾಗಿ ಗೊತ್ತಿರಲಿಲ್ಲ. ಲಾರಿ ಅವಳನ್ನು ಬೀಳಿಸಲೂ ಇಲ್ಲ. ಸೈಕಲ್ಲಿನ ಹ್ಯಾಂಡಲ್ಲಿಗೆ ಒಂದು ಏಟು ಕೊಟ್ಟು, ಹಾರ್ನ್ ಹೊಡೆದುಕೊಂಡು ತನ್ನ ಪಾಡಿಗೆ ತಾನು ಹೋಯಿತು. ಅಷ್ಟಕ್ಕೇ ಅವಳು ಡಾಂಬರು ರಸ್ತೆಯ ಸಹವಾಸವೇ ಬೇಡವೆಂದು ಸೈಕಲ್ಲನ್ನು ಅಂಗಡಿಯ ಗೋಡೆಗೆ ಒರಗಿಸಿಬಿಟ್ಟಳು. ಗಂಡನದು ಸೈಕಲ್ ರಿಪೇರಿ ಅಂಗಡಿ. ಇಡೀ ದಿನ ಅಲ್ಲಿ ಕೂತು ಕಂಡವರ ಟ್ಯೂಬಿಗೆ ತೇಪೆ ಹಾಕುವುದು, ತಾನು ಮಾತ್ರ ಮನೆಗೆ ನಡೆದುಕೊಂಡು ಹೋಗುವುದು. ಗಿರಾಕಿಗಳು ನಗದೆ ಇರುತ್ತಾರೆಯೇ?

ಅವಳನ್ನು ಮತ್ತೆ ಸೈಕಲ್ ಹತ್ತಿಸಿದ್ದು ಹಳೆಯ ರೈಲು ದಾರಿ. ರೈಲು ನಿಂತು ಎಷ್ಟೋ ಕಾಲವಾದ ಮೇಲೆ ಹಳಿ ಕಿತ್ತು, ಸಣ್ಣ ಜಲ್ಲಿ ಹಾಸಿ, ಸೈಕಲ್ಲಿಗೆಂದೇ ದಾರಿ ಮಾಡಿದರು. ಒಂದು ಗಾಡಿ ಇಲ್ಲ, ಒಂದು ಹಾರ್ನ್ ಇಲ್ಲ. ಎರಡೂ ಕಡೆ ಹೊಲ, ಬೇಲಿ, ಮೇಯುವ ಹಸು. ಮೈದುನ ಚುರುಕಿನವನು, ಪಟ್ಟಣದವರನ್ನು ಗುಂಪು ಕಟ್ಟಿಕೊಂಡು ಈ ದಾರಿಯಲ್ಲಿ ಸುತ್ತಾಡಿಸುವ ಕೆಲಸ ಶುರು ಮಾಡಿದ. “ಅತ್ತಿಗೆ, ನೀವು ಹಿಂದೆ ಬನ್ನಿ. ಯಾರದಾದ್ರೂ ಚಕ್ರ ಕೈಕೊಟ್ರೆ ನೋಡ್ಕೋಬೇಕು. ಅಲ್ಲದೆ ಹೆದರೋರ ಕಣ್ಣಿಗೆ ಬೀಳದೇ ಇರೋದು ಏನೂ ಇಲ್ಲ,” ಎಂದ. ಹೊಗಳಿದನೋ ಚುಚ್ಚಿದನೋ, ಅವಳು ಒಪ್ಪಿಕೊಂಡಳು. ಎಲ್ಲರಿಗಿಂತ ಕೊನೆಗೆ ಬರುವುದರಿಂದ ಬಾಲಕ್ಕ ಅನ್ನುವ ಹೆಸರು ಬಿತ್ತು.

ಆದರೆ ಭಯ ಅಷ್ಟು ಸುಲಭಕ್ಕೆ ಬಿಟ್ಟು ಹೋಗುವ ನೆಂಟನಲ್ಲ. ಗಾಡಿಗಳಿದ್ದಲ್ಲಿ ಗಾಡಿಯ ಭಯವಾದರೆ, ಇಲ್ಲಿ ನಿಶ್ಶಬ್ದದ ಭಯ. ಹಿಂದೆ ಯಾರೂ ಇಲ್ಲವೆಂದು ಗೊತ್ತಿದ್ದೂ ಹತ್ತು ಸಲ ತಿರುಗಿ ನೋಡುವಳು. ಎಲ್ಲಕ್ಕಿಂತ ಹೆಚ್ಚಾಗಿ ಗುಡ್ಡದ ಹೊಟ್ಟೆಯಲ್ಲಿದ್ದ ಸುರಂಗ ಕಂಡರೆ ಅವಳ ಜೀವ ಬಾಯಿಗೆ ಬರುತ್ತಿತ್ತು. ಉದ್ದನೆಯ ಸುರಂಗ, ನಡುವೆ ಒಂದು ತಿರುವು. ಆ ತಿರುವಿನಲ್ಲಿ ನಿಂತರೆ ಎರಡು ಕಡೆಯ ಬೆಳಕೂ ಕಾಣುವುದಿಲ್ಲ. ಅಲ್ಲೇ ಎಡಕ್ಕೊಂದು ಕವಲು. ಹಿಂದೆ ಕಲ್ಲು ಸಾಗಿಸುತ್ತಿದ್ದ ದಾರಿ ಅದು, ಈಗ ನೇರ ನೀರು ತುಂಬಿದ ಕ್ವಾರಿ ಹೊಂಡಕ್ಕೆ ಹೋಗಿ ಮುಗಿಯುತ್ತದೆ. ಬಾಲಕ್ಕ ಪ್ರತಿ ಸಲ ಮುಂದಿನವರ ಸೈಕಲ್ಲಿನ ಕೆಂಪು ದೀಪದ ಮೇಲೆ ಕಣ್ಣು ನೆಟ್ಟು, ಉಸಿರು ಬಿಗಿಹಿಡಿದು ಅದನ್ನು ದಾಟುತ್ತಿದ್ದಳು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಕವಲುಗಳಿಗೆಂದು ಅವರದೊಂದು ಕಟ್ಟಳೆ ಇತ್ತು. ದಾರಿ ಒಡೆಯುವ ಕಡೆಯಲ್ಲೆಲ್ಲ ಮೈದುನ ತನ್ನ ಹಿಂದಿರುವ ಸವಾರನನ್ನು ನಿಲ್ಲಿಸುವನು. ನಿಂತವರು ಉಳಿದವರಿಗೆ ಸರಿಯಾದ ದಾರಿ ತೋರಿಸಬೇಕು, ಬಾಲ ಬರುವವರೆಗೆ ಕದಲಬಾರದು. ಬಾಲಕ್ಕ ಬಂದಳೆಂದರೆ ಎಲ್ಲರೂ ಬಂದರೆಂದು ಅರ್ಥ. ಆಗ ಅವಳ ಜೊತೆ ಹೊರಡಬಹುದು. ಹಾಗೆ ಒಬ್ಬರೂ ದಾರಿ ತಪ್ಪಿರಲಿಲ್ಲ.

ಆಗಾಗ ಜೊತೆಗೆ ಬರುತ್ತಿದ್ದ ಮಾವ ಆ ದಿನವೂ ಗುಂಪಿನಲ್ಲಿದ್ದರು. ರೈಲು ಓಡುತ್ತಿದ್ದಾಗ ಇದೇ ದಾರಿಯಲ್ಲಿ ಗೇಟು ಕಾಯುತ್ತಿದ್ದವರು. ಜಪ್ಪಯ್ಯ ಅಂದರೂ ಹೇಳಿದ ಜಾಗ ಬಿಟ್ಟು ಕದಲುವ ಜಾತಿಯಲ್ಲ. ಸ್ವಂತ ಮಗನ ಮದುವೆಗೆ ಬಂದ ಬೀಗರ ಗಾಡಿ ಗೇಟಿನ ಆಚೆ ನಿಂತು ಕೂಗಿಕೊಂಡರೂ, ರೈಲು ದಾಟುವವರೆಗೆ ಗೇಟು ತೆಗೆದಿರಲಿಲ್ಲ. ಬಿಸಿಲಲ್ಲಿ ಬೆಂದ ಆ ಬೀಗರು ಬಾಲಕ್ಕನ ತಂದೆಯೇ; ಅವರು ಸಾಯುವವರೆಗೂ ಅದನ್ನು ಮರೆಯಲಿಲ್ಲ. ಈಗ ಮಾವನ ಎದೆ ಅಷ್ಟು ಗಟ್ಟಿಯಿಲ್ಲ, ಥಂಡಿ ಆಗದು, ಆದರೂ ಸೈಕಲ್ ಹತ್ತಿ ಬಂದಿದ್ದರು. ಮನೆಯಲ್ಲಿ ಕೂರಿಸಿದರೆ ಎಲ್ಲರ ತಲೆ ತಿನ್ನುವರು ಅನ್ನುವುದು ಮೈದುನನ ಸಮಜಾಯಿಷಿ.

ಸುರಂಗ ಇನ್ನೂ ಒಂದಿಷ್ಟು ದೂರವಿದ್ದಾಗ ಗುಂಪಿನ ಕೊನೆಯಲ್ಲಿದ್ದ ಟೀಚರಮ್ಮನ ಚಕ್ರದ ಗಾಳಿ ಹೋಯಿತು. ಉಳಿದವರು ಮುಂದೆ ಹೋದರು. ಬಾಲಕ್ಕ ದಾರಿ ಬದಿಯಲ್ಲಿ ಕೂತು ಮುಳ್ಳು ತೆಗೆದು, ತೇಪೆ ಹಾಕಿ, ಪಂಪು ಹೊಡೆದು ಮುಗಿಸುವ ಹೊತ್ತಿಗೆ ಮುಂದೆ ಒಂದು ನರಪಿಳ್ಳೆಯೂ ಇರಲಿಲ್ಲ. ಸುರಂಗದ ಬಾಯಿಯಿಂದ ತಣ್ಣನೆ ಗಾಳಿ ಬೀಸುತ್ತಿತ್ತು. ಟೀಚರಮ್ಮನ ಸೈಕಲ್ಲಿಗೆ ಹಿಂದಿನ ದೀಪವೂ ಇರಲಿಲ್ಲ.

“ಇದರೊಳಗೇ ಹೋಗ್ಬೇಕಾ? ಬೇರೆ ದಾರಿ ಇಲ್ವಾ?” ಎಂದರು ಟೀಚರಮ್ಮ.

ನೆಪ ಸಿಕ್ಕಿದ್ದೇ ತಡ, “ಇದೆ, ಇದೆ. ಕಾಲುವೆ ಏರಿ ಮೇಲೆ ಹೋದ್ರೆ ಗುಡ್ಡ ಸುತ್ಕೊಂಡು ಆಚೆಗೆ ಬರ್ತೀವಿ. ಸ್ವಲ್ಪ ದೂರ ಆಗುತ್ತೆ, ಆದ್ರೆ ನೋಡೋಕೆ ಚೆನ್ನಾಗಿದೆ,” ಎಂದಳು ಬಾಲಕ್ಕ. ಸುರಂಗದ ಕವಲಿನಲ್ಲಿ ಯಾರನ್ನಾದರೂ ನಿಲ್ಲಿಸಿರುತ್ತಾರೆಂಬುದು ಅವಳಿಗೆ ನೆನಪಿರಲಿಲ್ಲವೆಂದಲ್ಲ. ನೆನಪಿತ್ತು. ಯಾರೋ ಪಟ್ಟಣದವರು ನಿಂತಿರುತ್ತಾರೆ, ಕಾದು ಬೇಸತ್ತು ತಾವೇ ಮುಂದೆ ಹೋಗುತ್ತಾರೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಗುಡ್ಡದ ಆಚೆ, ಬಾಗಿಲು ಮುಚ್ಚಿದ ಹಳೆಯ ಸ್ಟೇಷನ್ನಿನ ಕಟ್ಟೆಯ ಮೇಲೆ ಎಲ್ಲರೂ ಬುತ್ತಿ ಬಿಚ್ಚಿ ಕೂತಿದ್ದರು. ಮೈದುನ ಬಾಳೆಹಣ್ಣು ಸುಲಿಯುತ್ತಾ ಕತ್ತೆತ್ತಿ ನೋಡಿದ. ಅವರು ಬಂದ ದಿಕ್ಕು ನೋಡಿದ. ಅವನ ಮುಖ ಬಿಳಿಚಿಕೊಂಡಿತು.

“ಅತ್ತಿಗೆ, ಅಪ್ಪ ಎಲ್ಲಿ?”

“ನಿನ್ನ ಜೊತೆ ಇರ್ಲಿಲ್ವಾ?”

“ಸುರಂಗದೊಳಗೆ ಕವಲಲ್ಲಿ ನಿಲ್ಸಿದ್ದೆ. ಇವತ್ತು ನನ್ನ ಹಿಂದೆ ಅವರೇ ಇದ್ದದ್ದು.”

ಬಾಲಕ್ಕ ತೇಪೆ ಹಾಕುವಾಗ, ಕಾಲುವೆ ಏರಿಯ ಮೇಲೆ ಟೀಚರಮ್ಮನಿಗೆ ಕೊಕ್ಕರೆ ತೋರಿಸುವಾಗ, ಅಷ್ಟು ಹೊತ್ತೂ ಮಾವ ಆ ಕತ್ತಲಲ್ಲಿ, ಆ ಥಂಡಿಯಲ್ಲಿ ನಿಂತಿದ್ದರು. ಒಳಗೆ ಫೋನೂ ಹಿಡಿಯುವುದಿಲ್ಲ. ಟಾರ್ಚಿನ ಬ್ಯಾಟರಿ ಮುಗಿದಿದ್ದರೆ? ದಾರಿ ತಡಕುತ್ತಾ ಎಡಕ್ಕೆ ಹೆಜ್ಜೆ ಇಟ್ಟಿದ್ದರೆ?

“ನಾನು ಒಳಗೆ ಹೋಗ್ತೀನಿ,” ಮೈದುನ ಎದ್ದ. “ನೀವು ಏರಿ ಮೇಲಿಂದ ವಾಪಸ್ ಹೋಗಿ ಆ ಕಡೆ ಬಾಯಿ ನೋಡಿ. ಹಿಂದಕ್ಕೆ ಹೋಗಿದ್ರೂ ಹೋಗಿರಬಹುದು.”

ಅದು ಅವಳಿಗೆ ಒಪ್ಪುವ ಕೆಲಸವೇ. ಹೂಂ ಅನ್ನಬೇಕೆಂದು ಬಾಯಿ ತೆರೆದಳು. ಆದರೆ ಹೊರಬಂದ ಮಾತು ಬೇರೆ.

“ಏರಿ ಮೇಲೆ ನೀನು ಹೋಗು. ನಿನ್ನ ಹಿಂದೆ ಅವರು ಬರಲ್ಲ. ಬಾಲ ಬರೋವರೆಗೂ ಕದಲಬೇಡಿ ಅಂತ ನೀನೇ ತಾನೇ ಹೇಳಿದ್ದು?”

ಬೆಳಕು ಬೆನ್ನ ಹಿಂದೆ ಕುಗ್ಗುತ್ತಾ ಕುಗ್ಗುತ್ತಾ, ತಿರುವು ಬಂದ ಕೂಡಲೇ ಇಲ್ಲವಾಯಿತು. ಸೈಕಲ್ಲಿನ ಮುಂದಿನ ದೀಪ ಒಂದು ಮಾರು ಜಲ್ಲಿಯನ್ನಷ್ಟೇ ತೋರಿಸುತ್ತಿತ್ತು. ಎಲ್ಲೋ ತೊಟ್ಟಿಕ್ಕುವ ನೀರು, ಜಲ್ಲಿಯ ಮೇಲೆ ತನ್ನದೇ ಚಕ್ರದ ಸದ್ದು. ಅದು ತನ್ನ ಚಕ್ರದ್ದೇ ಎಂದು ಗೊತ್ತಿದ್ದರೂ ಯಾರೋ ಬೆನ್ನ ಹಿಂದೆಯೇ ಬರುತ್ತಿದ್ದಾರೆ ಅನ್ನಿಸುತ್ತಿತ್ತು. ಮುಂದೆ ಹಿಡಿದುಕೊಳ್ಳಲು ಕೆಂಪು ದೀಪವಿರಲಿಲ್ಲ. ತಿರುಗಿ ಓಡಿಹೋಗಬೇಕೆಂದು ಅವಳಿಗೆ ಎಷ್ಟು ಸಲ ಅನ್ನಿಸಿತೋ ಲೆಕ್ಕವಿಲ್ಲ.

“ಮಾವಾ!”

ಆ ಕೂಗು ಗೋಡೆಯಿಂದ ಗೋಡೆಗೆ ಬಡಿದು ಅವಳ ಮೈಮೇಲೆಯೇ ವಾಪಸು ಬಿತ್ತು. ಉತ್ತರವಿಲ್ಲ. ಇನ್ನೊಮ್ಮೆ ಕೂಗಿದಳು. ಇಲ್ಲ.

ಕವಲಿನ ಹತ್ತಿರ ದೀಪದ ಬೆಳಕಿಗೆ ಮೊದಲು ಕಂಡದ್ದು ಸೈಕಲ್ಲು. ಹೊಂಡದ ದಾರಿಗೆ ಅಡ್ಡಲಾಗಿ ಅದು ನೆಲಕ್ಕೆ ಮಲಗಿತ್ತು. ಪಕ್ಕದಲ್ಲಿ ಟಾರ್ಚು. ಬಾಲಕ್ಕ ಇಳಿದು, ತನ್ನ ಸೈಕಲ್ಲಿನ ದೀಪ ಕಳಚಿ ಕೈಯಲ್ಲಿ ಹಿಡಿದು, ಟಾರ್ಚಿನ ಗುಂಡಿ ಒತ್ತಿದಳು, ಹತ್ತಲಿಲ್ಲ. ಬಿದ್ದ ಸೈಕಲ್ಲಿನ ಆಚೆ ದಾರಿ ಇಳಿಜಾರಾಗಿ ಹೊಂಡದ ಕಡೆಗೆ ಹೋಗುತ್ತಿತ್ತು. ನಾನೇ ಕೊಂದೆ ಅನ್ನುವುದೊಂದೇ ಮಾತು ಅವಳ ತಲೆಯಲ್ಲಿ ಉಳಿದಿತ್ತು. ಸೈಕಲ್ಲು ದಾಟಿ ಆ ದಾರಿಗೆ ಕಾಲಿಟ್ಟಳು.

ಹಿಂದಿನಿಂದ ಯಾರೋ ಸೆರಗು ಹಿಡಿದು ಎಳೆದರು.

ಅವಳು ಕಿರುಚಿದ ಕಿರುಚು ಸುರಂಗದ ಎರಡು ಬಾಯಿಗೂ ಕೇಳಿಸಿರಬೇಕು. ದೀಪ ತಿರುಗಿಸಿದರೆ, ರೈಲು ಬಂದಾಗ ಕೆಲಸದವರು ಸರಿದು ನಿಲ್ಲಲೆಂದು ಗೋಡೆಯಲ್ಲಿ ಕೊರೆದಿದ್ದ ಗೂಡಿನೊಳಗೆ ಮಾವ ಮುದುಡಿ ಕೂತಿದ್ದರು.

“ಆ ಕಡೆ ಹೋಗ್ಬೇಡ,” ಎಂದರು. ಗಂಟಲಿನಿಂದ ಬರೀ ಗಾಳಿ ಬಂದಂತಿತ್ತು. ಟಾರ್ಚು ಆರಿದ ಮೇಲೆ, ಯಾರಾದರೂ ಕತ್ತಲಲ್ಲಿ ಬಂದುಬಿಟ್ಟಾರೆಂದು, ಎಡಕ್ಕೆ ಹೋಗಬೇಡಿ, ಎಡಕ್ಕೆ ಹೋಗಬೇಡಿ ಎಂದು ಕೂಗಿ ಕೂಗಿ ಸ್ವರ ಬಿದ್ದುಹೋಗಿತ್ತು. ಸೈಕಲ್ಲು ಅಡ್ಡ ಮಲಗಿಸಿದ್ದೂ ಅದಕ್ಕೇ.

ಬಾಲಕ್ಕ ಅವರ ಮುಂದೆ ಕುಸಿದು ಕೂತು ಗೊಳೋ ಎಂದು ಅತ್ತುಬಿಟ್ಟಳು. ಅವರು ಅಳುವಷ್ಟು ಅಳಲು ಬಿಟ್ಟರು.

“ಕಾಲುವೆ ಕಡೆಯಿಂದ ಹೋಗಿದ್ದೆ, ಅಲ್ವಾ?”

“ಹೂಂ ಮಾವ.”

“ಗೊತ್ತಿತ್ತು. ಇದರಿಂದ ಹೊರಗೆ ಬರುವಾಗೆಲ್ಲ ನಿನ್ನ ಮುಖ ಹೇಗಿರುತ್ತೆ ಅಂತ ನಾನು ನೋಡಿಲ್ವಾ.”

“ಗೊತ್ತಿದ್ರೂ ಯಾಕೆ ನಿಂತ್ರಿ? ಹೋಗ್ಬಾರದಿತ್ತಾ?”

“ಹೋಗ್ತಿದ್ದೆ. ಆದ್ರೆ ನೀನು ಧೈರ್ಯ ಮಾಡಿ ಬಂದೇ ಬಿಟ್ಟಿದ್ರೆ? ಬಂದಾಗ ಇಲ್ಲಿ ಯಾರೂ ಇಲ್ದೇ ಇದ್ದಿದ್ರೆ?”

ಬಾಲಕ್ಕ ತಾನು ಹೊದ್ದಿದ್ದ ಶಾಲು ತೆಗೆದು ಅವರಿಗೆ ಹೊದಿಸಿದಳು, ಕೈ ಹಿಡಿದು ಎಬ್ಬಿಸಿದಳು. ಆ ಕೈ ಗಡಗಡ ನಡುಗುತ್ತಿತ್ತು. ಥಂಡಿಗಿರಬೇಕೆಂದು ತಿಕ್ಕಿ ತಿಕ್ಕಿ ಬೆಚ್ಚಗೆ ಮಾಡಿದಳು. ಕೈ ಬೆಚ್ಚಗಾಯಿತು, ನಡುಕ ಮಾತ್ರ ನಿಲ್ಲಲಿಲ್ಲ.

“ಬೇಗ ಕರ್ಕೊಂಡು ಹೋಗು ತಾಯಿ,” ಎಂದರು ಮಾವ, ಅವಳ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡು. “ಇಲ್ಲೇ ಗೇಟು ಕಾಯ್ತಾ ಮುದುಕ ಆದೆ. ಒಂದು ದಿನಾನೂ ಈ ಸುರಂಗದೊಳಗೆ ಒಬ್ಬನೇ ಕಾಲಿಟ್ಟೋನಲ್ಲ ನಾನು.”