ಹರಳಿಗೆ ಅಮ್ಮನ ಕಾವಲು

ಈ ಬೇಸಿಗೆಯಿಡೀ ಅಜ್ಜಂಪುರದ ನಮ್ಮನೆಯಲ್ಲಿ ಪೂಜೆಗೆ ಗಂಟೆ ಬಾರಿಸೋ ಹಾಗಿರಲಿಲ್ಲ ಕಣ್ರೀ. ಅಮ್ಮನ ಆರ್ಡರ್! (ಸ್ನಾನ ಮಾಡದೆ ದೇವರಮನೆಗೆ ಕಾಲಿಟ್ಟರೆ ನನ್ನನ್ನ ಬಾಗಿಲಲ್ಲೇ ತಡೆಯುವ ಅದೇ ಅಮ್ಮ.)

ಕಾರಣ, ದೇವರ ಪಕ್ಕ ಕೂತಿದ್ದ ಒಂದು ಗಾಜಿನ ಬೀಕರ್. ನನ್ನ ಹೆಂಡತಿ ಶೈಲಾ ತರೀಕೆರೆಯ ಕಾಲೇಜಿನಲ್ಲಿ ಫಿಸಿಕ್ಸ್ ಮೇಡಂ, ಜೊತೆಗೆ ಪಿಎಚ್‌ಡಿ ಮಾಡ್ತಿದ್ದಾಳೆ. ಅದಕ್ಕಂತಲೇ ಅವಳಿಟ್ಟಿದ್ದ ಬೀಕರಿನ ದ್ರಾವಣ ನಿಧಾನಕ್ಕೆ ಆರಿದ ಹಾಗೆ ತಳದಲ್ಲಿ ಹರಳು ಬೆಳೆಯುತ್ತೆ. ಗಾಳಿ ಬಡಿಯಬಾರದು, ಅಲ್ಲಾಡಬಾರದು. ನಮ್ಮನೆಯಲ್ಲಿ ಫ್ಯಾನಿಲ್ಲದ ಜಾಗ ದೇವರಮನೆ ಒಂದೇ.

"ಹಾಲಿಗೆ ಹೆಪ್ಪು ಹಾಕಿ ಪಾತ್ರೆ ಅಲ್ಲಾಡಿಸ್ತಾರೇನೋ? ದೇವ್ರು ಗಂಟೆ ಇಲ್ದಿದ್ರೂ ಏಳ್ತಾನೆ," ಅಂದಳು ಅಮ್ಮ.

ಬೆಳಿಗ್ಗೆ ಎದ್ದರೆ ಅಮ್ಮನಿಗೆ ಮೊದಲು ಬೀಕರಿನ ದರ್ಶನ. "ಶೈಲಾ, ಇವತ್ತು ಇನ್ನೊಂದು ಮೂಲೆ ಮೂಡೈತೆ ಕಣೇ!" ನಾನು ಬೆಳೆದದ್ದನ್ನ ಯಾರಾದರೂ ಹೀಗೆ ನೋಡಿದ್ದರಾ?

ಹರಳು ಕಡಲೆಕಾಳಿನಷ್ಟಾಯ್ತು. ದೊಡ್ಡ ಲ್ಯಾಬೊಂದರಲ್ಲಿ ಅದರ ಶಕ್ತಿ ಅಳೆಸೋ ದಿನ ಹತ್ತಿರ ಬಂತು. ಕಣ್ಣಿಗೆ ಕಾಣದ ಲೇಸರ್ ಹಾಯಿಸಿದರೆ ಅದು ಹಸಿರು ಬೆಳಕು ಕೊಡಬೇಕು. ಎಷ್ಟು ಹಸಿರು ಅನ್ನೋದೇ ಅಳತೆ. ಕೊಡದಿದ್ದರೆ ಶೈಲಾಳ ದುಡಿಮೆಯೆಲ್ಲ ನೀರಲ್ಲಿ ಮಾಡಿದ ಹೋಮ. ಸರಿ, ಆದರೆ ಅಳೆಯೋಕೆ ಮುಂಚೆ ಹರಳನ್ನ ಪುಡಿ ಮಾಡಬೇಕಂತೆ!

ಅತ್ತೆಗೆ ಹೇಳೋ ಧೈರ್ಯ ಶೈಲಾಗಿಲ್ಲ. ನನ್ನನ್ನ ಮುಂದೆ ತಳ್ಳಿದಳು. (ಗಂಡಂದಿರು ಇರೋದೇ ಇಂಥದ್ದಕ್ಕೆ.)

"ಬೆಳೆಸಿದ್ದು ಕುಟ್ಟೋಕಾ? ಏನಪ್ಪಾ ನಿಮ್ಮ ಓದು!" ಅವತ್ತು ಅಮ್ಮ ಊಟ ಮಾಡಲಿಲ್ಲ. ಮಾರನೇ ದಿನ ನೋಡಿದರೆ ಒಳ್ಳೇ ಸೀರೆ ಉಟ್ಟು ಕಾರಲ್ಲಿ ಕೂತಿದ್ದಾಳೆ. "ಸಾಕಿದೋಳು ನಾನು. ನಾನೂ ಬತ್ತೀನಿ."

ಲ್ಯಾಬಿನಲ್ಲಿ ಶೈಲಾನೇ ಹರಳು ಅರೆದಳು. ಅದು ಕರಕರ ಅಂದಾಗ ಅಮ್ಮ ನನ್ನ ಕೈ ಗಟ್ಟಿಯಾಗಿ ಹಿಡಿದಳು. ಪುಡಿಯನ್ನ ಲೇಸರ್ ಮುಂದಿಟ್ಟು ಅಲ್ಲಿನ ಪ್ರೊಫೆಸರ್ ಬಾಗಿಲು ಹಾಕಿದರು. ನಾವು ಹೊರಗೆ, ಕಂಪ್ಯೂಟರ್ ಪರದೆಯ ಮುಂದೆ. ಬರೀ ಕತ್ತಲೆ. ಶೈಲಾ ಪರದೆಗೆ ಮೂಗು ತಾಗೋ ಹಾಗೆ ಬಗ್ಗಿದಳು.

ಬಂತು ನೋಡಿ ಹಸಿರು! ಎಳೇ ರಾಗಿ ಪೈರಿನ ಹಸಿರು. ಅಂಕಿ ನೋಡಿದ್ದೇ ತಡ, "ಅತ್ತೇ, ಅಂದ್ಕೊಂಡಿದ್ದಕ್ಕಿಂತ ಜಾಸ್ತಿ!" ಅಂತ ಶೈಲಾ ಅಮ್ಮನನ್ನ ತಬ್ಬಿಕೊಂಡು ಅತ್ತೇಬಿಟ್ಟಳು. ಇಬ್ಬರ ಮೇಲೂ ನನಗೆ ಎಂಥ ಪ್ರೀತಿ ಉಕ್ಕಿತು ಅಂತೀರಿ!

ಪ್ರೊಫೆಸರ್ ಅಮ್ಮನಿಗೆ ಸಮಾಧಾನ ಹೇಳಿದರು: "ಪುಡಿ ಮಾಡಿದ್ರೆ ಬೇಗ ಗೊತ್ತಾಗುತ್ತೆ ಅಮ್ಮಾ, ಅದರೊಳಗೆ ಎಷ್ಟು ಶಕ್ತಿ ಇದೆ ಅಂತ."

ಅಮ್ಮ ಸೆರಗಲ್ಲಿ ಕಣ್ಣೊರೆಸಿಕೊಂಡು ಕೇಳಿದಳು: "ಪುಡಿ ಮಾಡ್ದೆ, ಒಸಿ ಕಾದು ಕೇಳಿದ್ರೆ ಕೊಡ್ತಿರ್ಲಿಲ್ವೇನಪ್ಪಾ?"