ಅಕ್ಕನ ರಸ್ತೆಯೋ, ನಮ್ಮ ಬೀದಿಯೋ

ಆಗ ನಾನು ಮದರಾಸಿನ ಕೋಡಂಬಾಕ್ಕಂನಿಂದ ಪೆರುಂಗುಡಿಗೆ ಕೆಲಸಕ್ಕೆ ಹೋಗುತ್ತಿದ್ದೆ. ಹೊಸದಾಗಿ ಎದ್ದ ಗಾಜಿನ ಕಟ್ಟಡವೊಂದರಲ್ಲಿ ಅಕೌಂಟ್ಸ್ ವಿಭಾಗ. ಸೈದಾಪೇಟೆಯಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿಯಬೇಕು. ಬರುವ ಬಸ್ಸೆಲ್ಲ ಒಂದು ಪಕ್ಕಕ್ಕೆ ವಾಲಿಕೊಂಡೇ ಬರುತ್ತಿತ್ತು, ಅಷ್ಟು ಜನ ಬಾಗಿಲಲ್ಲಿ ನೇತಾಡುತ್ತಿದ್ದರು. ಕೆಲವು ದಿನ ಮೂರು ಬಸ್ಸು ಬಿಟ್ಟು ನಾಲ್ಕನೆಯದಕ್ಕೆ ಹತ್ತಿದ್ದೂ ಉಂಟು. ಸಂಜೆ ಮನೆ ಸೇರುವ ಹೊತ್ತಿಗೆ ಮಗಳ ಊಟ ಮುಗಿದಿರುತ್ತಿತ್ತು. ಸ್ಕೂಲಿನಿಂದ ಅವಳನ್ನು ಕರೆತಂದು, ಕಾಫಿ ತಿಂಡಿ ಕೊಟ್ಟು, ಹೋಮ್‌ವರ್ಕ್ ಮಾಡಿಸಿ, ಊಟ ಹಾಕುತ್ತಿದ್ದವಳು ನನ್ನ ಅಕ್ಕ.

ನಮ್ಮ ಬೀದಿಯ ಕೊನೆಯಲ್ಲಿ ತಿರುಗಿದರೆ ದೊಡ್ಡ ರಸ್ತೆ. ಅಲ್ಲಿ ಭಾವನ ಹೋಟೆಲು, ಮಹಡಿಯ ಮೇಲೆ ಅಕ್ಕನ ಮನೆ. ನಾವು ತಲೆಮಾರುಗಳಿಂದ ಮದರಾಸಿನವರು. ಭಾವ ಉಡುಪಿ ಕಡೆಯವರು. ಅವರ ತಂದೆ ಬಾಡಿಗೆ ಕಟ್ಟಡದಲ್ಲಿ ಶುರುಮಾಡಿದ ಹೋಟೆಲನ್ನು ಅವರು ನಡೆಸಿಕೊಂಡು ಬಂದಿದ್ದರು. ಭಾನುವಾರ ನಮ್ಮ ಮನೆಯಲ್ಲಿ ಒಲೆ ಹಚ್ಚುತ್ತಿರಲಿಲ್ಲ. ಬೆಳಗಿನ ಇಡ್ಲಿ ಹೋಟೆಲಿನಿಂದ ಹಿಡಿಯಿರುವ ತೂಕುಪಾತ್ರೆಯಲ್ಲಿ ಬರುತ್ತಿತ್ತು, ಮಧ್ಯಾಹ್ನದ ಊಟ ಅಕ್ಕನ ಮನೆಯಲ್ಲಿ.

ಬಸ್ಸಿಗೇ ಮೀಸಲಾದ ದಾರಿ ಬರುತ್ತದೆಂಬ ಸುದ್ದಿ ಮೊದಲು ತಂದವರು ನನ್ನ ಗಂಡ. ರಸ್ತೆಯ ನಡುವೆ ಎರಡು ಪಟ್ಟಿ ಬಿಡಿಸಿ, ಅದರಲ್ಲಿ ಬಸ್ಸಲ್ಲದೆ ಬೇರೇನೂ ಓಡಬಾರದಂತೆ. ನನಗೆ ಖುಷಿಯಾಯಿತು. ಆದರೆ ಅಕ್ಕನ ಹೋಟೆಲಿನ ಹತ್ತಿರ ದೊಡ್ಡ ರಸ್ತೆ ಇಕ್ಕಟ್ಟಾಗುತ್ತದೆ. ಅಲ್ಲಿ ಒಂದು ಸಾಲು ಕಟ್ಟಡಗಳ ಮುಂಭಾಗ ಒಡೆಯಬೇಕು, ಇಲ್ಲವೇ ಬಸ್ಸುಗಳನ್ನು ನಮ್ಮ ಬೀದಿಗೆ ತಿರುಗಿಸಿ, ಇಕ್ಕಟ್ಟು ದಾಟಿದ ಮೇಲೆ ಮತ್ತೆ ರಸ್ತೆಗೆ ಸೇರಿಸಬೇಕು. ನಮ್ಮ ಬೀದಿಯಾದರೆ ಎರಡೂ ಕಡೆಯ ಮರಗಳು, ಕಾಂಪೌಂಡುಗಳು ಹೋಗುತ್ತವೆ. ಎರಡರಲ್ಲಿ ಯಾವುದೆಂದು ತೀರ್ಮಾನವಾಗಿರಲಿಲ್ಲ. ಅದೇ ಎಲ್ಲರನ್ನೂ ಹಾಳುಮಾಡಿತು.

ನನ್ನ ಅತ್ತೆ ಪಾರ್ಶ್ವವಾಯುವಾಗಿ ಮುಂದಿನ ಕೋಣೆಯಲ್ಲಿ ಮಲಗಿದ್ದರು. ಕಿಟಕಿಯಾಚೆ ಕಾಂಪೌಂಡು, ಅದರಾಚೆ ಬೀದಿ. ಆಟೋ ಹಾರನ್ ಹೊಡೆದರೂ ಬೆಚ್ಚಿ ಅಳುತ್ತಿದ್ದರು. ನನ್ನ ಗಂಡ ಆ ಕಿಟಕಿಯ ಹತ್ತಿರ ನಿಂತು ನೋಡಿ, "ಇಲ್ಲಿ ಬಸ್ ಓಡಿದ್ರೆ ಅಮ್ಮ ಒಂದು ವಾರ ಇರೋಲ್ಲ" ಎಂದರು. ಅಲ್ಲಿಯವರೆಗೆ ಬೀದಿಯ ಸಂಘದ ಕಡೆ ತಲೆ ಹಾಕದಿದ್ದವರು ದಿನಾ ಹೋಗಿ ಕೂರತೊಡಗಿದರು.

ಒಂದು ಭಾನುವಾರ ಕಲ್ಯಾಣ ಮಂಟಪದಲ್ಲಿ ಸಭೆ ಕರೆದರು. ಎಂಜಿನಿಯರ್ ಒಬ್ಬರು ನಕ್ಷೆ ತೂಗುಹಾಕಿ ಮಾತಾಡಿದರು. ಅರ್ಧ ಜನ ಅವರಿಗೆ ಮಾತಾಡಲೇ ಬಿಡಲಿಲ್ಲ. ನಮ್ಮ ಬೀದಿಯವರು ಎಡಕ್ಕೆ, ರಸ್ತೆಯವರು ಬಲಕ್ಕೆ ಕೂತಿದ್ದರು. ಭಾವ ಹೋಟೆಲಿನಿಂದ ತಡವಾಗಿ ಬಂದು, ಜಾಗವಿಲ್ಲದೆ ನಮ್ಮ ಕಡೆಯೇ ಹಿಂದೆ ಕೂತಿದ್ದು ನಮಗೆ ಗೊತ್ತಿರಲಿಲ್ಲ. ನನ್ನ ಗಂಡ ಎದ್ದು ಹೇಳಿದರು: "ದೊಡ್ಡ ರಸ್ತೆಯಲ್ಲೇ ಒಡೆಯಿರಿ. ಅಲ್ಲಿರೋದೆಲ್ಲ ಅಂಗಡಿಗಳು. ವಾಸಕ್ಕೆ ಯಾರಿದ್ದಾರೆ ಅಲ್ಲಿ?"

ನಮ್ಮ ಕಡೆಯವರು ಚಪ್ಪಾಳೆ ತಟ್ಟಿದರು. ನನಗೆ ಕೂರಲಾಗಲಿಲ್ಲ. ಎದ್ದು ನಿಂತು, ಯಾವ ದಾರಿಯಾದರೂ ಸರಿ, ಬಸ್ಸು ಬೇಕು, ದಿನಾ ನೇತಾಡಿಕೊಂಡು ಹೋಗುವವರು ನಾವು ಇದ್ದೇವೆ ಎಂದು ತಮಿಳಿನಲ್ಲಿ ಹೇಳಿದೆ. ಹಿಂದಿನಿಂದ ಯಾರೋ "ಇವ್ವಳವು ದೂರಂ ಪೋಯ್ ವೇಲೆ ಪಾಕ್ಕ ಯಾರು ಸೊನ್ನಾಂಗ?" ಎಂದರು. ಅಷ್ಟು ದೂರ ಹೋಗಿ ಕೆಲಸ ಮಾಡೆಂದು ಹೇಳಿದ್ದು ಯಾರು ಅಂತ. ಎರಡೂ ಕಡೆಯವರು ಒಟ್ಟಿಗೆ ನಕ್ಕರು. ಅವತ್ತು ಅವರು ಒಮ್ಮತವಾಗಿದ್ದು ಅದೊಂದಕ್ಕೇ. ಎಂಜಿನಿಯರ್ ನನ್ನ ಕಡೆ ನೋಡಿ ಏನೋ ಹೇಳಬೇಕೆಂದುಕೊಂಡರು. ಅಷ್ಟರಲ್ಲಿ ಮತ್ತೆ ಗದ್ದಲ ಶುರುವಾಯಿತು.

ಮಾರನೆಯ ಸಂಜೆ ಮಗಳನ್ನು ಕರೆದುಕೊಂಡು ಬರಲು ಹೋದಾಗ ಅಕ್ಕ ಕಾಫಿ ಕೊಡಲಿಲ್ಲ.

"ನೆನ್ನೆ ಇವರು ನಿಮ್ಮ ಹಿಂದೇನೇ ಕೂತಿದ್ರು ಕಣೆ" ಎಂದಳು. "ವಾಸಕ್ಕೆ ಯಾರಿದಾರೆ ಅಂದ್ರಂತೆ ನಿನ್ನ ಗಂಡ. ಹಾಗಾದ್ರೆ ನಾನು ಎಲ್ಲಿದೀನಿ?"

"ಅಂಗಡಿಯೋರನ್ನ ಹೇಳಿದ್ದು ಅಕ್ಕ. ಅತ್ತೆ ಇರೋ ಸ್ಥಿತಿ ನಿಂಗೇ ಗೊತ್ತಲ್ಲ."

"ಗೊತ್ತು. ಅವರಿಗೆ ಗಂಜಿ ಕುಡಿಸೋಳು ನಾನೇ ತಾನೆ." ಅಷ್ಟು ಹೇಳಿ ಮಗಳ ಚೀಲ ನನ್ನ ಕೈಗೆ ಕೊಟ್ಟಳು.

ಗಂಡನಿಗೆ ಹೇಳಿದೆ, ಹೋಗಿ ಒಂದು ಮಾತಾಡಿ ಬನ್ನಿ ಎಂದು. ಅವರು ಹೋಗಲಿಲ್ಲ. "ಏನಂತ ಹೇಳಲಿ? ನಮ್ಮ ಬೀದಿಯಲ್ಲೇ ಒಡೀಲಿ ಅಂತಲಾ?" ಎಂದು ಕೇಳಿದರು.

ಆಮೇಲಿನದು ನಾವು ಯಾರೂ ಎಣಿಸದ್ದು. ಹೋಟೆಲಿನ ಕಟ್ಟಡದ ಮಾಲೀಕ, ಹೇಗೂ ಒಡೆಯುತ್ತಾರೆ, ಆಗ ಪರಿಹಾರಕ್ಕೆ ಬಾಡಿಗೆಯವರ ತಕರಾರು ಬೇಡ ಎಂದು ಭಾವನಿಗೆ ಖಾಲಿ ಮಾಡಲು ಹೇಳಿದ. ನಾನು ಓಡಿಹೋದೆ. ಭಾವ ಕ್ಯಾಶಿನಲ್ಲಿ ಕೂತಿದ್ದರು.

"ಕೋರ್ಟಿಗೆ ಹೋಗಿ ಭಾವ. ಇನ್ನೂ ಯಾವುದೂ ತೀರ್ಮಾನ ಆಗಿಲ್ಲ."

"ಎಂತ ಕೋರ್ಟು ಮಾರಾಯ್ತಿ" ಎಂದರು, ನನ್ನ ಮುಖ ನೋಡದೆ. "ಇಲ್ಲಿ ಒಡೀರಿ ಅಂತ ನಿನ್ನ ಗಂಡನೇ ಹೇಳಿದ್ದಲ್ಲವಾ? ಮನೆಯವರೇ ಹಾಗೆ ಹೇಳಿದ ಮೇಲೆ ನಾನು ಯಾರ ಹತ್ರ ಜಗಳ ಮಾಡ್ಲಿ?"

ಅವರಿಗೆ ಮನಸ್ಸೇ ಮುರಿದಿತ್ತು. ಸೇಲಂನಲ್ಲಿ ಊರಿನವರೊಬ್ಬರ ಹೋಟೆಲಿನಲ್ಲಿ ಮ್ಯಾನೇಜರ್ ಕೆಲಸ ಸಿಕ್ಕಿತು, ಹೊರಟರು. ಸ್ವಂತ ಹೋಟೆಲಿನಲ್ಲಿ ಕೂತಿದ್ದವರು ಇನ್ನೊಬ್ಬರ ಕ್ಯಾಶಿನಲ್ಲಿ ಕೂತರು. ಅಕ್ಕ ರುಬ್ಬುವ ಕಲ್ಲನ್ನು ಕೂಡ ಲಾರಿಗೆ ಹಾಕಿಸಿದಳು. ನಾನು ಸಹಾಯಕ್ಕೆ ಹೋದರೆ, ಬೇಡ ಎನ್ನದೆ ಪಾತ್ರೆಗಳ ಮೂಟೆಯೊಂದನ್ನು ಕೈಗಿಟ್ಟು ಒಳಗೆ ಹೋದಳು.

ಮಗಳು ಸ್ಕೂಲಿನಿಂದ ಬಂದರೆ ನೋಡುವವರಿಲ್ಲ, ಅತ್ತೆಗೆ ಊಟ ಮಾಡಿಸುವವರಿಲ್ಲ. ಒಬ್ಬ ಹೆಂಗಸನ್ನು ಇಟ್ಟೆವು, ಅವಳು ನಿಲ್ಲಲಿಲ್ಲ. ಕೊನೆಗೆ ನಾನು ಕೆಲಸ ಬಿಟ್ಟೆ. "ದೊಡ್ಡಮ್ಮಾ ಎಪ್ಪೊ ವರುವಾಂಗ?" ಎಂದು ಮಗಳು ತಮಿಳಿನಲ್ಲಿ ಕೇಳುತ್ತಿದ್ದಳು, ದೊಡ್ಡಮ್ಮ ಯಾವಾಗ ಬರುತ್ತಾಳೆಂದು. ಸ್ವಲ್ಪ ದಿನಕ್ಕೆ ಅದನ್ನೂ ಬಿಟ್ಟಳು.

ಆ ದಾರಿ ಬರಲೇ ಇಲ್ಲ. ಯಾರೂ ಬಂದು ಇಲ್ಲವೆಂದು ಹೇಳಲೂ ಇಲ್ಲ. ಸಭೆಗಳು ನಿಂತವು, ಅಳೆಯಲು ಬರುತ್ತಿದ್ದವರು ನಿಂತರು, ಪೇಪರಿನಲ್ಲಿ ಬೇರೆ ಯೋಜನೆಗಳ ಸುದ್ದಿ ಬರತೊಡಗಿತು. ಭಾವನ ಹೋಟೆಲಿದ್ದಲ್ಲಿ ಮೊಬೈಲ್ ಅಂಗಡಿ ಬಂತು. ನಮ್ಮ ಬೀದಿಯ ಮರಗಳನ್ನು ಒಂದು ವರ್ಷ ಮಳೆನೀರಿನ ಕಾಲುವೆಗೆಂದು ಕಡಿದರು. ಆಗ ಸಂಘದವರು ಒಬ್ಬರೂ ಬಾಯಿ ತೆರೆಯಲಿಲ್ಲ. ನನ್ನ ಗಂಡನೂ ಒಳಗೆ ಕೂತೇ ಗರಗಸದ ಸದ್ದು ಕೇಳಿಸಿಕೊಂಡರು. ಅಷ್ಟು ಹೊತ್ತಿಗೆ ಅತ್ತೆಯೂ ತೀರಿಕೊಂಡಿದ್ದರು.

ಅತ್ತೆಯ ವೈಕುಂಠ ಸಮಾರಾಧನೆಗೆ ಅಕ್ಕ ಒಬ್ಬಳೇ ಬಂದಿದ್ದಳು. ಸೊರಗಿದ್ದಳು. ಎಲೆಯಲ್ಲಿ ಬಡಿಸಿದ್ದನ್ನು ಉಂಡಳು, ನನ್ನ ಗಂಡನಿಗೆ "ಬರ್ತೀನಿ" ಎಂದಳು. ಬಾಗಿಲ ಹತ್ತಿರ ನಾನು ಕೈ ಹಿಡಿದುಕೊಂಡೆ.

"ಇವತ್ತು ಒಂದಿನ ಇದ್ದು ಹೋಗಕ್ಕ."

"ಇವರಿಗೆ ಊಟಕ್ಕೆ ಕಷ್ಟ ಆಗತ್ತೆ."

"ಆ ದಾರಿ ಬರಲೇ ಇಲ್ವಲ್ಲಕ್ಕ. ಇನ್ನೂ ಯಾಕೆ?"

"ಬಂದಿದ್ರೆ ವಾಸಿ ಇತ್ತು ಕಣೆ" ಎಂದಳು ಅಕ್ಕ. "ಬಸ್ಸಿಗೋಸ್ಕರ ಹೋಟೆಲು ಹೋಯ್ತು ಅಂತಾದ್ರೂ ಅನ್ಕೋಬಹುದಿತ್ತು."

ಕೈ ಬಿಡಿಸಿಕೊಂಡು ಚಪ್ಪಲಿ ಮೆಟ್ಟಿಕೊಂಡಳು. ನಾನು ಗೇಟಿನವರೆಗೆ ಹೋದೆ. ಅವಳು ಆಟೋದವನ ಹತ್ತಿರ ಕೋಯಂಬೇಡು ಬಸ್ ನಿಲ್ದಾಣಕ್ಕೆ ಎಷ್ಟೆಂದು ಕೇಳಿ, ಚೌಕಾಸಿ ಮಾಡದೆ ಹತ್ತಿ ಕೂತಳು.